ಮೂರು ಊರು, ಮೂರು ಪಾಸ್‌ವರ್ಡ್

2021ರ ಜೂನ್ 8ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಜೋಸೆಫ್ ಬ್ಲೌಂಟ್ ಒಂದು ಮಾತನ್ನು ಒತ್ತಿ ಹೇಳಿದರು. ಕಳ್ಳರ ಕೈಗೆ ಸಿಕ್ಕಿದ ಪಾಸ್‌ವರ್ಡ್ ‘ಕಲೋನಿಯಲ್123’ ಥರದ್ದಲ್ಲ, ಅದು ಕಷ್ಟದ ಪಾಸ್‌ವರ್ಡೇ ಆಗಿತ್ತು ಎಂದು. ಬ್ಲೌಂಟ್ ಆಗ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಮುಖ್ಯಸ್ಥರು. ಹ್ಯೂಸ್ಟನ್‌ನಿಂದ ಹೊರಟು ನ್ಯೂಯಾರ್ಕ್ ಬಂದರಿನವರೆಗೆ ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ ಸಾಗಿಸುವ ಅವರ ಕೊಳವೆ ಮಾರ್ಗದ ಉದ್ದ 5,500 ಮೈಲಿ. ಅಮೆರಿಕದ ಪೂರ್ವ ಕರಾವಳಿ ಸುಡುವ ಇಂಧನದಲ್ಲಿ ಹತ್ತಿರಹತ್ತಿರ ಶೇ. 45ರಷ್ಟು ಅದರಲ್ಲೇ ಹರಿಯುತ್ತದೆ. ಆ ವರ್ಷ ಮೇ 7ರ ಬೆಳಗಿನ ಜಾವ ಕಂಪನಿಯ ಕಂಪ್ಯೂಟರೊಂದರಲ್ಲಿ ಹಣ ಕೇಳುವ ಸಂದೇಶ ಕಾಣಿಸಿಕೊಂಡಿತು. ರೋಗ ಎಲ್ಲಿಯವರೆಗೆ ಹಬ್ಬಿದೆಯೋ ತಿಳಿಯದೆ ಕಂಪನಿ ತಾನೇ ಇಡೀ ಮಾರ್ಗವನ್ನು ನಿಲ್ಲಿಸಿಬಿಟ್ಟಿತು. ಮೇ 12ರಂದು ಮತ್ತೆ ಶುರುವಾಗುವಷ್ಟರಲ್ಲಿ ಆಗ್ನೇಯ ರಾಜ್ಯಗಳಲ್ಲಿ ಸಾವಿರಾರು ಬಂಕುಗಳು ಬರಿದಾಗಿದ್ದವು. ಬಿಡುಗಡೆಗೆ ಕಂಪನಿ ಕೊಟ್ಟದ್ದು 75 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್. ಅದರಲ್ಲಿ ಒಂದು ಪಾಲನ್ನು ಸರ್ಕಾರ ಆಮೇಲೆ ವಶಪಡಿಸಿಕೊಂಡಿತು.

ಕಷ್ಟದ ಪಾಸ್‌ವರ್ಡ್ ಇದ್ದೂ ಹೀಗಾಯಿತಲ್ಲ, ಯಾಕೆ? ನನ್ನ ಕೆಲಸವೇ ಈ ಪ್ರಶ್ನೆ. ನಾನು ತೀರ್ಥಹಳ್ಳಿಯವಳು, ಈಗ ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿದ್ದೇನೆ. ಕೈಗಾರಿಕೆಗಳಿಗೆ ಪಂಪು, ವಾಲ್ವು ಮಾರುವ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ಲೆಕ್ಕಪತ್ರ, ಆಡಳಿತ ಡಲ್ಲಾಸ್‌ನಲ್ಲಿ. ಗೋದಾಮು, ರಿಪೇರಿ ಶೆಡ್ಡು ಹ್ಯೂಸ್ಟನ್‌ನಲ್ಲಿ. ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡ ಆಸ್ಟಿನ್‌ನಲ್ಲಿ. ರಾತ್ರಿ ಪಾಳಿಯ ಹೆಲ್ಪ್‌ಡೆಸ್ಕ್ ಮೈಸೂರಿನಲ್ಲಿ. ಇಷ್ಟೂ ಕಡೆಯ ಕಂಪ್ಯೂಟರುಗಳಲ್ಲಿ ಯಾರ ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು, ಯಾವಾಗ ಬದಲಾಗಬೇಕು, ಎಷ್ಟು ಸಲ ತಪ್ಪಿದರೆ ಬಾಗಿಲು ಮುಚ್ಚಬೇಕು ಎಂಬ ನಿಯಮಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ನನ್ನ ದುಡಿಮೆಯ ಟೆಕ್ಸಸ್ಸಿನ ಮೂರೂ ಊರುಗಳು ಈ ವಿಷಯದಲ್ಲಿ ಜಗತ್ತಿಗೇ ಪಾಠವಾಗಿರುವುದರಿಂದ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಹ್ಯೂಸ್ಟನ್ ಕೊಳವೆಯ ಕಥೆ ಮುಗಿಸುತ್ತೇನೆ. ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆಯವರ ಪ್ರಕಾರ ಕಳ್ಳರು ಒಳಗೆ ಬಂದದ್ದು ಏಪ್ರಿಲ್ 29ರಂದು, ಒಂದು ವಿಪಿಎನ್ ಖಾತೆಯ ಮೂಲಕ. ವಿಪಿಎನ್ ಅಂದರೆ ಮನೆಯಲ್ಲಿ ಕೂತು ಕಚೇರಿಯ ನೆಟ್‌ವರ್ಕ್ ಒಳಗೆ ಹೋಗುವ ದಾರಿ. ಆ ಖಾತೆಯನ್ನು ಯಾರೂ ಬಳಸುತ್ತಿರಲಿಲ್ಲ, ಆದರೆ ಅದಿನ್ನೂ ಜೀವಂತವಾಗಿತ್ತು. ಪಾಸ್‌ವರ್ಡ್ ಹಾಕಿದ ಮೇಲೆ ಫೋನಿಗೆ ಬರುವ ಎರಡನೇ ಪರೀಕ್ಷೆಯೂ ಅದಕ್ಕೆ ಇರಲಿಲ್ಲ. ಅದರ ಪಾಸ್‌ವರ್ಡ್ ಬೇರೆಲ್ಲೋ ಸೋರಿಹೋದ ಪಾಸ್‌ವರ್ಡುಗಳ ರಾಶಿಯಲ್ಲಿ ಸಿಕ್ಕಿತು. ಅಂದರೆ ಆ ನೌಕರರು ಅದನ್ನೇ ಇನ್ನೊಂದು ಕಡೆಯೂ ಬಳಸಿರಬಹುದು. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿ ಎಷ್ಟೇ ಕಷ್ಟ ಮಾಡಿದರೂ, ಒಮ್ಮೆ ಸೋರಿದ ಮೇಲೆ ಅದು ಬರೀ ನಕಲು ಮಾಡಿ ಅಂಟಿಸುವ ಸಾಲು. ಬ್ಲೌಂಟ್ ಅವರ ಮಾತು ನಿಜವೇ ಇದ್ದೀತು, ಆದರೆ ಅದರಿಂದ ಆದ ಉಪಯೋಗ ಏನೂ ಇಲ್ಲ.

ಕಚೇರಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರುವ ನಿಯಮ ಒಂದಿದೆ: ಎಂಟು ಅಕ್ಷರ, ಅದರಲ್ಲೊಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೂರು ತಿಂಗಳಿಗೊಮ್ಮೆ ಹೊಸದು. ಇದಕ್ಕೂ ಒಂದು ಹುಟ್ಟೂರು ಇದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2004ರಲ್ಲಿ ತಂದ ಮಾರ್ಗಸೂಚಿಯ ಒಂದು ಅನುಬಂಧವನ್ನು ಬಿಲ್ ಬರ್ ಎಂಬ ಅಧಿಕಾರಿ ಬರೆದರು. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬ ಮಾಹಿತಿ ಆಗ ಅವರ ಕೈಯಲ್ಲಿ ಅಷ್ಟಾಗಿ ಇರಲಿಲ್ಲ, 1980ರ ದಶಕದ ಹಳೆಯ ಬರಹವನ್ನು ನೆಚ್ಚಿಕೊಂಡಿದ್ದರು. ಆ ಅನುಬಂಧ ಸರ್ಕಾರಿ ಇಲಾಖೆಗಳಿಂದ ಬ್ಯಾಂಕುಗಳಿಗೆ, ಅಲ್ಲಿಂದ ಬೆಂಗಳೂರಿನ ಕಂಪನಿಗಳವರೆಗೆ ಹರಡಿತು. ನಿವೃತ್ತಿಯ ನಂತರ, 2017ರಲ್ಲಿ, ತಾನು ಬರೆದದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದು ಅವರು ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ಹೇಳಿದರು. ಅದೇ ವರ್ಷ ನಿಸ್ಟ್ ಕೂಡ ದಿಕ್ಕು ಬದಲಿಸಿತು. ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಾಯಿಸಲು ಹೇಳಬೇಡಿ, ಚಿಹ್ನೆ-ಅಂಕಿಗಳ ಒತ್ತಾಯ ಬೇಡ, ಸೋರಿಹೋದ ಪಾಸ್‌ವರ್ಡುಗಳ ಪಟ್ಟಿಯಲ್ಲಿದ್ದರೆ ಮಾತ್ರ ಬೇಡವೆನ್ನಿ ಎಂದಿತು. ವಿಂಡೋಸ್‌ಗೆ ತಾನು ಶಿಫಾರಸು ಮಾಡುವ ಭದ್ರತಾ ಸೂತ್ರದಿಂದ ಮೈಕ್ರೋಸಾಫ್ಟ್ ಕೂಡ 2019ರಲ್ಲಿ ಅವಧಿ ಮುಗಿಯುವ ನಿಯಮವನ್ನು ಕೈಬಿಟ್ಟಿತು.

ಬದಲಾಯಿಸು ಬದಲಾಯಿಸು ಎಂದು ಒತ್ತಾಯಿಸಿದರೆ ಜನ ಏನು ಮಾಡುತ್ತಾರೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವಿಂಡೋಸ್ ನೆಟ್‌ವರ್ಕಿನ ಹೃದಯ ಆ್ಯಕ್ಟಿವ್ ಡೈರೆಕ್ಟರಿ, ಅಂದರೆ ಎಲ್ಲ ನೌಕರರ, ಎಲ್ಲ ಕಂಪ್ಯೂಟರುಗಳ ಹೆಸರಿರುವ ಕೇಂದ್ರ ದಾಖಲೆ. ಅದು ಯಾರ ಪಾಸ್‌ವರ್ಡನ್ನೂ ಇದ್ದಂತೆ ಇಟ್ಟುಕೊಳ್ಳುವುದಿಲ್ಲ. ಒಂದು ಗಣಿತ ಕ್ರಿಯೆಯಿಂದ ಹೊರಟ ಉದ್ದನೆಯ ಅಂಕಿ-ಅಕ್ಷರಗಳ ಸಾಲನ್ನು ಇಟ್ಟುಕೊಳ್ಳುತ್ತದೆ. ಅದರ ಹೆಸರು ಹ್ಯಾಶ್. ಹ್ಯಾಶ್‌ನಿಂದ ಪಾಸ್‌ವರ್ಡಿಗೆ ಹಿಂದಕ್ಕೆ ಹೋಗಲು ನೇರ ದಾರಿ ಇಲ್ಲ. ಆದರೆ ಒಂದೊಂದೇ ಊಹೆಯನ್ನು ಅದೇ ಕ್ರಿಯೆಗೆ ಹಾಕಿ, ಹೊರಬಂದ ಸಾಲು ತಾಳೆಯಾಗುತ್ತದೆಯೇ ಎಂದು ನೋಡಬಹುದು. ಕಳ್ಳರು ಮಾಡುವುದೂ ಇದನ್ನೇ, ಕಂಪನಿಯ ಲಿಖಿತ ಅನುಮತಿ ಪಡೆದು ನಾವು ಮಾಡುವುದೂ ಇದನ್ನೇ. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ತಜ್ಞರು ಸೋರಿಹೋದ ಕೋಟಿಗಟ್ಟಲೆ ಪಾಸ್‌ವರ್ಡುಗಳ ಹ್ಯಾಶ್ ಪಟ್ಟಿಯನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಇಟ್ಟಿದ್ದಾರೆ. ಒಂದು ಶನಿವಾರ ರಾತ್ರಿ ಆ ಪಟ್ಟಿಯನ್ನೂ ನಮ್ಮದೇ ಊಹೆಗಳ ಒಂದು ಪಟ್ಟಿಯನ್ನೂ ನಮ್ಮ ಡೈರೆಕ್ಟರಿಯ ಪ್ರತಿಯ ಮೇಲೆ ಓಡಿಸಿದೆವು. ಆಗ ನಮ್ಮಲ್ಲಿ ತೊಂಬತ್ತು ದಿನದ ನಿಯಮ ಇತ್ತು.

ಬೆಳಿಗ್ಗೆ ಬಂದ ಫಲಿತಾಂಶದಲ್ಲಿ ಟೆಕ್ಸಸ್ಸಿನ ನಕ್ಷೆಯೇ ಇತ್ತು. ಡಲ್ಲಾಸ್ ಕಚೇರಿಯವರು ತಮ್ಮ ಫುಟ್‌ಬಾಲ್ ತಂಡದ ಹೆಸರಿಟ್ಟಿದ್ದರು, ‘ಕೌಬಾಯ್ಸ್’ ಆಮೇಲೆ ಒಂದು ಇಸವಿ, ಕೊನೆಗೊಂದು ಆಶ್ಚರ್ಯಸೂಚಕ. ಹ್ಯೂಸ್ಟನ್ ಶೆಡ್ಡಿನಲ್ಲಿ ಬೇಸ್‌ಬಾಲಿನ ‘ಆಸ್ಟ್ರೋಸ್’, ಜೊತೆಗೆ ಅವರು ವರ್ಲ್ಡ್ ಸೀರೀಸ್ ಗೆದ್ದ 2017 ಅಥವಾ 2022. ಆಸ್ಟಿನ್‌ನಲ್ಲಿ ವಿಶ್ವವಿದ್ಯಾಲಯದ ಘೋಷಣೆ ‘ಹುಕ್‌ಎಮ್’. ಮೂರೂ ಕಡೆ ‘ಸಮ್ಮರ್’, ‘ಫಾಲ್’, ‘ವಿಂಟರ್’, ‘ಸ್ಪ್ರಿಂಗ್’ ಎಂಬ ಋತುಗಳು. ತೊಂಬತ್ತು ದಿನಕ್ಕೊಂದು ಪಾಸ್‌ವರ್ಡ್ ಕೇಳಿದರೆ ವರ್ಷದಲ್ಲಿ ನಾಲ್ಕು, ಋತುಗಳೂ ನಾಲ್ಕೇ. ಜನ ಎಷ್ಟು ಸಹಜವಾಗಿ ಹೊಂದಿಕೊಂಡಿದ್ದರೆಂದರೆ ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾರತೀಯರ ಹೆಸರುಗಳ ಪಕ್ಕದಲ್ಲಿ ಗಣೇಶ, ಸಾಯಿರಾಮ್, ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ. ಇವುಗಳಲ್ಲಿ ಒಂದೊಂದೂ ದೊಡ್ಡಕ್ಷರ, ಅಂಕಿ, ಚಿಹ್ನೆಯ ನಿಯಮವನ್ನು ಚೆನ್ನಾಗಿ ಪಾಲಿಸಿತ್ತು. ಪರೀಕ್ಷೆಯಲ್ಲಿ ಎಲ್ಲರೂ ಪಾಸು, ಆದರೂ ಊಹಿಸಲು ಒಂದು ರಾತ್ರಿ ಸಾಕಾಯಿತು.

ಅವರನ್ನು ಸೋಮಾರಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹ್ಯೂಸ್ಟನ್ ಶೆಡ್ಡಿನಲ್ಲಿ ಕೈಗವಸು ತೆಗೆದು, ಎಣ್ಣೆ ಒರೆಸಿಕೊಂಡು, ಹಂಚಿಕೊಂಡ ಕಂಪ್ಯೂಟರಿಗೆ ದಿನದಲ್ಲಿ ಹಲವು ಸಲ ಪಾಸ್‌ವರ್ಡ್ ಹೊಡೆಯುವ ಮೆಕ್ಯಾನಿಕ್ ಒಬ್ಬರು ಅದನ್ನು ನೆನಪಿಡುವುದಕ್ಕಿಂತ ದೊಡ್ಡ ಕೆಲಸ ಮಾಡುತ್ತಿರುತ್ತಾರೆ. ನಾವು ಅವರ ನೆನಪಿನ ಮೇಲೆ ಹೊರೆ ಹೇರಿದೆವು, ಅವರು ಹೊರಬಹುದಾದ ಮಟ್ಟಕ್ಕೆ ಅದನ್ನು ಇಳಿಸಿಕೊಂಡರು, ಅಷ್ಟೇ.

ಈಗ ನಮ್ಮ ನಿಯಮ ಬೇರೆ. ಕನಿಷ್ಠ ಹದಿನೈದು ಅಕ್ಷರ, ಚಿಹ್ನೆಯ ಒತ್ತಾಯವಿಲ್ಲ, ಸೋರಿದ ಸೂಚನೆ ಸಿಗುವವರೆಗೆ ಬದಲಾಯಿಸುವ ಗೋಜಿಲ್ಲ. ಪಾಸ್‌ವರ್ಡ್ ಒಂದೇ ರಕ್ಷಣೆಯಾಗಿರುವ ಕಡೆ ಹದಿನೈದು ಅಕ್ಷರ ಇರಲೇಬೇಕೆಂದು 2025ರಲ್ಲಿ ಬಂದ ನಿಸ್ಟ್‌ನ ಹೊಸ ಆವೃತ್ತಿಯೂ ಹೇಳುತ್ತದೆ, ಅವಧಿಯ ನಿಯಮವನ್ನಂತೂ ಅದು ನಿಷೇಧಿಸಿಯೇ ಬಿಟ್ಟಿದೆ. ಉದ್ದಕ್ಕೆ ಯಾಕಿಷ್ಟು ಬೆಲೆ ಎಂದರೆ, ಲೆಕ್ಕ ನೋಡಿ. ಕೀಬೋರ್ಡಿನ 95 ಗುರುತುಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿ ಎಂಟು ಸ್ಥಾನ ತುಂಬಿಸಿದರೆ ಆಗುವ ಸಾಧ್ಯತೆಗಳಿಗಿಂತ, ಬರೀ 26 ಸಣ್ಣಕ್ಷರಗಳಿಂದ ಹದಿನೈದು ಸ್ಥಾನ ತುಂಬಿಸಿದಾಗ ಆಗುವ ಸಾಧ್ಯತೆಗಳು ಸುಮಾರು ಎರಡೂವರೆ ಲಕ್ಷ ಪಟ್ಟು ಹೆಚ್ಚು. ಮನುಷ್ಯರು ಅಕ್ಷರಗಳನ್ನು ಲಾಟರಿ ಎತ್ತಿದ ಹಾಗೆ ಆರಿಸುವುದಿಲ್ಲ ನಿಜ. ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಆರಿಸಿ ಎನ್ನುತ್ತೇನೆ. ಜೀರಿಗೆ, ರೈಲು, ಛತ್ರಿ, ಸೋಮವಾರ ಎಂಬ ನಮೂನೆಯಲ್ಲಿ, ಇಂಗ್ಲಿಷ್ ಲಿಪಿಯಲ್ಲೇ ಹೊಡೆಯಿರಿ. ಇಲ್ಲಿ ಅಚ್ಚಾದ ಈ ನಾಲ್ಕನ್ನು ಮಾತ್ರ ಯಾರೂ ಇಡಬೇಡಿ. ಗಾದೆ, ಸಿನಿಮಾ ಹಾಡಿನ ಸಾಲು, ದೇವರನಾಮ ಬೇಡ. ಹತ್ತು ಜನರ ಬಾಯಲ್ಲಿರುವುದು ಕಳ್ಳರ ಪಟ್ಟಿಯಲ್ಲೂ ಇರುತ್ತದೆ. ಜೊತೆಗೆ ಕೌಬಾಯ್ಸ್, ಆಸ್ಟ್ರೋಸ್, ನಮ್ಮ ಕಂಪನಿಯ ಹೆಸರು, ಮೂರು ಊರುಗಳ ಹೆಸರು ಎಲ್ಲವನ್ನೂ ನಿಷೇಧಿತ ಪದಗಳ ಪಟ್ಟಿಗೆ ಸೇರಿಸಿದ್ದೇವೆ. ಮೈಕ್ರೋಸಾಫ್ಟ್‌ನ ಎಂಟ್ರಾ ಸೇವೆಯಲ್ಲಿ ಇಂಥ ಸಾವಿರ ಪದಗಳವರೆಗೆ ಹಾಕಬಹುದು. ಸೊನ್ನೆಯನ್ನು ‘ಓ’ ಬದಲಿಗೆ ಹಾಕುವ ಹಳೆಯ ಉಪಾಯವನ್ನೂ ಅದು ಗುರುತು ಹಿಡಿಯುತ್ತದೆ.

ಡಲ್ಲಾಸ್‌ನ ಕಥೆ ಇದಕ್ಕಿಂತ ಆಳದ್ದು. 2023ರ ಮೇ 3ರ ಬೆಳಿಗ್ಗೆ ಡಲ್ಲಾಸ್ ನಗರಾಡಳಿತದ ಪ್ರಿಂಟರುಗಳು ಯಾರೂ ಕೇಳದ ಕಾಗದಗಳನ್ನು ತಾವಾಗಿಯೇ ಹೊರಹಾಕತೊಡಗಿದವು. ರಾಯಲ್ ಎಂಬ ಗುಂಪಿನ ಬೆದರಿಕೆ ಪತ್ರ. ಪೊಲೀಸರನ್ನು, ಅಗ್ನಿಶಾಮಕದವರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಕಂಪ್ಯೂಟರ್ ವ್ಯವಸ್ಥೆ ನಿಂತಿತು. 911ಕ್ಕೆ ಬಂದ ಕರೆಗಳನ್ನು ಕೈಯಲ್ಲಿ ಬರೆದುಕೊಂಡು ರೇಡಿಯೋದಲ್ಲಿ ಓದಿ ಹೇಳಬೇಕಾಯಿತು. ನಗರದ ನ್ಯಾಯಾಲಯ ವಾರಗಟ್ಟಲೆ ಮುಚ್ಚಿತು, ಗ್ರಂಥಾಲಯದ ಕಂಪ್ಯೂಟರುಗಳೂ ಸ್ತಬ್ಧವಾದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಗರಾಡಳಿತ ತಾನೇ ಬರೆಸಿದ ವರದಿಯನ್ನು ಹೊರತಂದಿತು. ನಮ್ಮ ವೃತ್ತಿಯವರು ಅದನ್ನು ಓದಲೇಬೇಕು. ಕಳ್ಳರು ಒಳಗೆ ಬಂದದ್ದು ಮೇ ತಿಂಗಳಲ್ಲಲ್ಲ, ಏಪ್ರಿಲ್ 7ರಂದು. ಒಂದು ಸರ್ವಿಸ್ ಅಕೌಂಟಿನ ಕದ್ದ ಪಾಸ್‌ವರ್ಡ್ ಹಿಡಿದು ಒಂದು ಸರ್ವರ್ ತಲುಪಿದರು. ಸುಮಾರು ನಾಲ್ಕು ವಾರ ಸದ್ದಿಲ್ಲದೆ ಒಳಗೇ ಇದ್ದು 1.169 ಟೆರಾಬೈಟ್ ಮಾಹಿತಿ ಹೊತ್ತುಕೊಂಡು ಹೋದರು. 30 ಸಾವಿರಕ್ಕೂ ಹೆಚ್ಚು ಜನರ ಖಾಸಗಿ ವಿವರ ಅದರಲ್ಲಿತ್ತು. ಚೇತರಿಕೆಗೆಂದು ನಗರ ಸಭೆ ಒಪ್ಪಿಗೆ ಕೊಟ್ಟ ಮೊತ್ತ 85 ಲಕ್ಷ ಡಾಲರ್.

ಸರ್ವಿಸ್ ಅಕೌಂಟ್ ಅಂದರೆ ಮನುಷ್ಯರದಲ್ಲದ ಖಾತೆ. ರಾತ್ರಿ ಬ್ಯಾಕಪ್ ತೆಗೆಯುವ ಸಾಫ್ಟ್‌ವೇರು, ಸಂಬಳದ ಲೆಕ್ಕವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಒಯ್ಯುವ ಪ್ರೋಗ್ರಾಮು, ಇವಕ್ಕೂ ಬಾಗಿಲು ತೆರೆಯಲು ಹೆಸರು, ಪಾಸ್‌ವರ್ಡ್ ಬೇಕು. ಸಾಫ್ಟ್‌ವೇರ್ ಹಾಕಿದ ದಿನ ಯಾರೋ ಇಂಜಿನಿಯರು ಒಂದು ಪಾಸ್‌ವರ್ಡ್ ಇಟ್ಟು, ‘ಎಂದೂ ಅವಧಿ ಮುಗಿಯದು’ ಎಂಬ ಚೌಕದಲ್ಲಿ ಟಿಕ್ ಮಾಡಿ ಹೋಗುತ್ತಾರೆ. ಟಿಕ್ ಮಾಡದಿದ್ದರೆ ನಲವತ್ತೆರಡನೇ ದಿನಕ್ಕೆ ಬ್ಯಾಕಪ್ ನಿಲ್ಲುತ್ತದೆ, ಯಾಕೆಂದರೆ ವಿಂಡೋಸ್ ಡೊಮೇನಿನಲ್ಲಿ, ಅಂದರೆ ಒಂದೇ ಡೈರೆಕ್ಟರಿಯ ಕೆಳಗಿನ ಖಾತೆ-ಕಂಪ್ಯೂಟರುಗಳ ಗುಂಪಿನಲ್ಲಿ, ತಾನಾಗಿಯೇ ಬರುವ ಅವಧಿ 42 ದಿನ. ಮನೆ ಕಟ್ಟುವಾಗ ಗಾರೆಯವರಿಗೆ ಕೊಟ್ಟ ಹಿತ್ತಿಲ ಬಾಗಿಲಿನ ಬೀಗದ ಕೈ ಇದು. ಗೃಹಪ್ರವೇಶವಾಗಿ ಹತ್ತು ವರ್ಷವಾದರೂ ಅದು ಯಾರ ಹತ್ತಿರ ಉಳಿಯಿತೆಂದು ಮನೆಯವರಿಗೇ ನೆನಪಿರುವುದಿಲ್ಲ. ಆ ಇಂಜಿನಿಯರ್ ಕೆಲಸ ಬಿಟ್ಟಿರುತ್ತಾರೆ, ಪಾಸ್‌ವರ್ಡ್ ಯಾವುದೋ ಹಳೆಯ ಎಕ್ಸೆಲ್ ಹಾಳೆಯಲ್ಲಿರುತ್ತದೆ, ಖಾತೆಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಅಧಿಕಾರ ಇರುತ್ತದೆ. ‘ಮುಟ್ಟಬೇಡಿ, ಏನಾದರೂ ನಿಂತುಹೋದೀತು’ ಎಂಬ ಭಯಕ್ಕೆ ಯಾರೂ ಹತ್ತಿರ ಹೋಗುವುದಿಲ್ಲ.

ಇಲ್ಲಿ ನನಗೆ ಅನ್ಯಾಯವಾಗಿ ಕಾಣುವುದು ಇದು. ಗುಮಾಸ್ತರು ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಲೇಬೇಕು ಎನ್ನುವ ಅದೇ ಕಂಪನಿಯಲ್ಲಿ, ಇಡೀ ನೆಟ್‌ವರ್ಕನ್ನು ಬೀಳಿಸಬಲ್ಲ ಖಾತೆಗಳ ಪಾಸ್‌ವರ್ಡ್ ಹತ್ತು ವರ್ಷವಾದರೂ ಅದೇ ಇರುತ್ತದೆ. ಆಗಾಗ ಬದಲಾಯಿಸುವುದು ಮನುಷ್ಯನ ಕೈಯಲ್ಲಿ ಆಗದ ಕೆಲಸ, ಯಂತ್ರಕ್ಕೆ ಹೇಳಿಮಾಡಿಸಿದ ಕೆಲಸ. 2012ರ ವಿಂಡೋಸ್ ಸರ್ವರಿನಿಂದ ಈಚೆಗೆ ಅದಕ್ಕೊಂದು ವ್ಯವಸ್ಥೆ ಇದೆ, ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಎಂದು. ಪಾಸ್‌ವರ್ಡನ್ನು ಕಂಪ್ಯೂಟರೇ ಹುಟ್ಟಿಸುತ್ತದೆ, ಮೂವತ್ತು ದಿನಕ್ಕೊಮ್ಮೆ ತಾನೇ ಬದಲಾಯಿಸುತ್ತದೆ, ಅದನ್ನು ಯಾವ ಮನುಷ್ಯನೂ ತಿಳಿಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ. ಪ್ರತಿ ಕಂಪ್ಯೂಟರಿನೊಳಗೆ ಇರುವ ಸ್ಥಳೀಯ ಅಡ್ಮಿನ್ ಖಾತೆಗೂ ಹೀಗೆಯೇ ಲ್ಯಾಪ್ಸ್ ಎಂಬ ಸಾಧನ ಇದೆ. ಮೊದಲು ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇಡುತ್ತಿದ್ದರು, ಒಂದು ಕೈಸೇರಿದರೆ ನೂರೂ ಕೈಸೇರಿದ ಹಾಗೆ. ಈಗ ಒಂದೊಂದಕ್ಕೂ ಬೇರೆ ಬೇರೆ.

ಹಾಗಂತ ಎಲ್ಲ ಹಳೆಯ ಸಾಫ್ಟ್‌ವೇರೂ ಈ ವ್ಯವಸ್ಥೆಗೆ ಒಗ್ಗುವುದಿಲ್ಲ. ನಾವು ಡಲ್ಲಾಸ್ ವರದಿ ಓದಿದ ಮೇಲೆ ನಮ್ಮ ಸರ್ವಿಸ್ ಅಕೌಂಟುಗಳ ಪಟ್ಟಿ ಮಾಡಲು ಕೂತೆವು. ಪಟ್ಟಿ ಮಾಡುವುದೇ ದೊಡ್ಡ ಕೆಲಸವಾಯಿತು. ಡೈರೆಕ್ಟರಿಯಲ್ಲಿ ಹೆಸರು ಕಾಣುತ್ತದೆ, ಆದರೆ ಅದು ಯಾವ ಕೆಲಸಕ್ಕೆ ಹುಟ್ಟಿತೆಂದು ಅದರಲ್ಲಿ ಬರೆದಿರುವುದಿಲ್ಲ. ಒಂದೊಂದಕ್ಕೂ ಕಳೆದ ಸಲ ಯಾವ ಸರ್ವರಿಗೆ ಲಾಗಿನ್ ಆಯಿತು ಎಂದು ಹುಡುಕಿ, ಆ ಸರ್ವರಿನ ಒಡೆಯರು ಯಾರೆಂದು ಹುಡುಕಿ, ಅವರನ್ನು ಕೇಳಿ, ‘ಗೊತ್ತಿಲ್ಲ’ ಎಂದರೆ ಅವರ ಹಿಂದಿನವರಿಗೆ ಫೋನು ಮಾಡಿ ಹೀಗೆ ಸಾಗಿತು. ಯಾರದೂ ಅಲ್ಲದ ಖಾತೆಗಳನ್ನು ನೇರವಾಗಿ ಅಳಿಸಲಿಲ್ಲ, ಮೊದಲು ನಿಷ್ಕ್ರಿಯಗೊಳಿಸಿ ಕಾದೆವು. ಹ್ಯೂಸ್ಟನ್‌ನಿಂದ ಒಂದು ಫೋನು ಬಂತು, ಲೇಬಲ್ ಅಚ್ಚಾಗುತ್ತಿಲ್ಲ ಎಂದು. ಗೋದಾಮಿನ ಲೇಬಲ್ ಪ್ರಿಂಟರಿನ ಖಾತೆಗೆ ಡೊಮೇನ್ ಅಡ್ಮಿನ್ ಅಧಿಕಾರ, ಅಂದರೆ ಇಡೀ ಕಂಪನಿಯ ಮೇಲಿನ ಅಧಿಕಾರ, ಕೊಟ್ಟಿತ್ತು! ಹಿಂದೆ ಯಾವಾಗಲೋ ಪ್ರಿಂಟರು ಹಟ ಹಿಡಿದಾಗ ಬೇಗ ಕೆಲಸ ಮುಗಿಸಲು ಯಾರೋ ಕೊಟ್ಟದ್ದು ಹಾಗೇ ಉಳಿದಿತ್ತು. ಅದಕ್ಕೆ ಪ್ರಿಂಟ್ ಮಾಡುವಷ್ಟೇ ಅಧಿಕಾರ ಕೊಟ್ಟು ಹೊಸ ಖಾತೆ ಮಾಡಿದೆವು.

ಇನ್ನು ಆಸ್ಟಿನ್. ಸೋಲಾರ್‌ವಿಂಡ್ಸ್ ಅಲ್ಲಿನ ಕಂಪನಿ, ಬೇರೆ ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುತ್ತದೆ. ಅದರ ‘ಓರಾಯನ್’ ಸಾಫ್ಟ್‌ವೇರಿನ ಅಪ್‌ಡೇಟಿನೊಳಗೆ ರಷ್ಯಾದ ಗೂಢಚಾರರು ತಮ್ಮ ಕೋಡ್ ಸೇರಿಸಿದ್ದರು. ಅದು ಬಯಲಾದದ್ದು 2020ರ ಡಿಸೆಂಬರ್‌ನಲ್ಲಿ. ಆ ಅಪ್‌ಡೇಟ್ ಸುಮಾರು 18 ಸಾವಿರ ಗ್ರಾಹಕರವರೆಗೆ ತಲುಪಿತ್ತು, ಅವರಲ್ಲಿ ಅಮೆರಿಕದ ಒಂಬತ್ತು ಕೇಂದ್ರ ಇಲಾಖೆಗಳು, ಸುಮಾರು ನೂರು ಕಂಪನಿಗಳ ಒಳಗೆ ನಿಜವಾಗಿ ನುಗ್ಗಿದರು. ಪತ್ತೆ ಮಾಡಿದ್ದು ಫೈರ್‌ಐ ಎಂಬ ಭದ್ರತಾ ಸಂಸ್ಥೆ. ನೌಕರರೊಬ್ಬರ ಖಾತೆಗೆ ಎರಡನೇ ಫೋನ್ ನೋಂದಣಿಯಾಗಿದ್ದನ್ನು ಗಮನಿಸಿ, ಅವರನ್ನೇ ಕರೆದು ‘ಇದು ನಿಮ್ಮದೇ?’ ಎಂದು ಕೇಳಿದ್ದರಿಂದ ಎಳೆ ಸಿಕ್ಕಿತು. ಎರಡನೇ ಪರೀಕ್ಷೆ ಇದ್ದರೆ ಸಾಲದು, ಹೊಸ ಫೋನ್ ಸೇರಿದಾಗ ಯಾರಾದರೂ ನೋಡುತ್ತಿರಬೇಕು ಎಂದು ನಾನು ಹೊಸಬರಿಗೆ ಹೇಳುವಾಗ ಕೊಡುವ ಉದಾಹರಣೆ ಇದೇ.

ಆ ಗದ್ದಲದಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಕಂಪನಿಯ ಒಂದು ಸರ್ವರಿನ ಪಾಸ್‌ವರ್ಡ್ ‘ಸೋಲಾರ್‌ವಿಂಡ್ಸ್123’ ಆಗಿತ್ತು, ಮತ್ತು ಅದು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿತ್ತು. ವಿನೋತ್ ಕುಮಾರ್ ಎಂಬ ಭದ್ರತಾ ಸಂಶೋಧಕರು 2019ರ ನವೆಂಬರ್‌ನಲ್ಲೇ ಕಂಪನಿಗೆ ತಿಳಿಸಿದ್ದರು, ಆ ಪಾಸ್‌ವರ್ಡಿನಿಂದ ಸರ್ವರಿಗೆ ಫೈಲ್ ಹಾಕಬಹುದೆಂದು ತೋರಿಸಿದ್ದರು. ಗೂಢಚಾರರು ಈ ದಾರಿಯಿಂದಲೇ ಬಂದರೆಂದು ಯಾರೂ ಸಾಬೀತು ಮಾಡಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. 2021ರ ಫೆಬ್ರವರಿ 26ರಂದು ಸಂಸತ್ತಿನ ವಿಚಾರಣೆಯಲ್ಲಿ ಸಂಸದೆ ಕೇಟಿ ಪೋರ್ಟರ್, ಮಕ್ಕಳು ಐಪ್ಯಾಡಿನಲ್ಲಿ ಅತಿಯಾಗಿ ಯೂಟ್ಯೂಬ್ ನೋಡದಿರಲಿ ಎಂದು ತಾನು ಇಟ್ಟಿರುವ ಪಾಸ್‌ವರ್ಡೇ ಇದಕ್ಕಿಂತ ಗಟ್ಟಿಯಿದೆ ಎಂದರು. ಮಾಜಿ ಮುಖ್ಯಸ್ಥ ಕೆವಿನ್ ಥಾಂಪ್ಸನ್ ಕೊಟ್ಟ ಉತ್ತರ, ಅದು ಒಬ್ಬ ಇಂಟರ್ನ್ ಮಾಡಿದ ತಪ್ಪು, ಅವರು ನಮ್ಮ ಪಾಸ್‌ವರ್ಡ್ ನಿಯಮಗಳನ್ನು ಉಲ್ಲಂಘಿಸಿದರು ಎಂದು.

ಆ ಉತ್ತರ ಓದಿದಾಗ ನನಗೆ ಸಿಟ್ಟು ಬಂತು, ಇಂದಿಗೂ ಬರುತ್ತದೆ. ಕಲಿಯಲು ಬಂದ ವಿದ್ಯಾರ್ಥಿ ‘ಸೋಲಾರ್‌ವಿಂಡ್ಸ್123’ ಎಂದು ಹೊಡೆದಾಗ ಸರ್ವರು ‘ಆಗಲಿ’ ಎಂದಿತಲ್ಲ, ಹಾಗನ್ನುವಂತೆ ಅದನ್ನು ಬಿಟ್ಟವರು ಯಾರು? ಕೈಪಿಡಿಯಲ್ಲಿ ಬರೆದ ನಿಯಮ ಬೇರೆ, ಯಂತ್ರ ಜಾರಿಗೊಳಿಸುವ ನಿಯಮ ಬೇರೆ. ನಮ್ಮಂಥವರು ಡೊಮೇನಿನಲ್ಲಿ ಹಾಕುವ ನಿಯಮ ಡೊಮೇನಿಗೆ ಸೇರಿದ ಖಾತೆಗಳಿಗೆ ಮಾತ್ರ ತಾಗುತ್ತದೆ. ಪಕ್ಕದಲ್ಲಿ ನಿಂತ, ಫೈಲ್ ಸಾಗಿಸುವ ಎಫ್‌ಟಿಪಿ ಸರ್ವರು, ಹಳೆಯ ಫೈರ್‌ವಾಲು, ಬಾಡಿಗೆಗೆ ಪಡೆದ ಕ್ಲೌಡ್ ಸೇವೆ, ಸಿಸಿ ಟಿವಿಯ ಪೆಟ್ಟಿಗೆ, ಇವುಗಳಿಗೆಲ್ಲ ಅವುಗಳದೇ ಪಾಸ್‌ವರ್ಡ್, ಅವುಗಳದೇ ಸಡಿಲ ನಿಯಮ. ನೆಟ್‌ವರ್ಕಿಗೆ ‘ಒಂದು ಪಾಲಿಸಿ ಇದೆ’ ಎಂದು ಆಡಿಟರಿಗೆ ತೋರಿಸುವುದು ಸುಲಭ, ಅದು ಎಲ್ಲಿಗೆ ಮುಟ್ಟುವುದಿಲ್ಲ ಎಂದು ಹೇಳಬಲ್ಲ ಕಂಪನಿ ಅಪರೂಪ. ಅಮೆರಿಕದ ಷೇರು ನಿಯಂತ್ರಣ ಆಯೋಗ 2023ರ ಅಕ್ಟೋಬರ್‌ನಲ್ಲಿ ಸೋಲಾರ್‌ವಿಂಡ್ಸ್ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ನ್ಯಾಯಾಧೀಶರು ಬಹುಪಾಲು ಆರೋಪಗಳನ್ನು ತಳ್ಳಿಹಾಕಿದರೂ, ಕಂಪನಿ ತನ್ನ ಜಾಲತಾಣದಲ್ಲಿ ಪಾಸ್‌ವರ್ಡ್ ಮುಂತಾದ ರಕ್ಷಣೆಗಳ ಬಗ್ಗೆ ಹೇಳಿಕೊಂಡದ್ದು ನಿಜವಲ್ಲ ಎಂಬ ಆರೋಪವನ್ನು ಉಳಿಸಿಕೊಂಡರು. 2025ರ ನವೆಂಬರ್‌ನಲ್ಲಿ ಆಯೋಗ ಇಡೀ ಪ್ರಕರಣವನ್ನೇ ಹಿಂತೆಗೆದುಕೊಂಡಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಹೇಳಿಕೊಂಡದ್ದು ನಿಜವೇ ಎಂಬ ಪ್ರಶ್ನೆಯನ್ನು ಪ್ರತಿ ಕಂಪನಿಯೂ ತನಗೆ ತಾನೇ ಕೇಳಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಸೋಲಾರ್‌ವಿಂಡ್ಸ್‌ಗೆ ನುಗ್ಗಿದ ಅದೇ ಗೂಢಚಾರರು 2023ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಒಳಗೇ ನುಗ್ಗಿದರು. ಎರಡನೇ ಪರೀಕ್ಷೆ ಇಲ್ಲದ ಒಂದು ಹಳೆಯ ಪ್ರಯೋಗದ ಖಾತೆಗೆ ಸಾಮಾನ್ಯ ಪಾಸ್‌ವರ್ಡುಗಳನ್ನು ನಿಧಾನವಾಗಿ, ಬೀಗ ಬೀಳದ ಹಾಗೆ, ಹಾಕಿ ನೋಡಿ ನೋಡಿ ಗೆದ್ದರು. ಪಾಸ್‌ವರ್ಡ್ ನಿಯಮದ ಸಾಧನಗಳನ್ನು ಜಗತ್ತಿಗೇ ಮಾರುವ ಕಂಪನಿಯ ಮೂಲೆಯಲ್ಲೂ ಮರೆತ ಖಾತೆ ಇತ್ತು.

ನಿಯಮ ಎಲ್ಲ ಸರಿಯಿದ್ದಾಗಲೂ ಒಂದು ಬಾಗಿಲು ಉಳಿಯುತ್ತದೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ಹೆಲ್ಪ್‌ಡೆಸ್ಕ್. ಮೈಸೂರಿನಿಂದ ನಮ್ಮ ಹುಡುಗ ಒಂದು ಸಂಜೆ ನನಗೆ ಕರೆ ಮಾಡಿದ. “ಮೇಡಂ, ಹ್ಯೂಸ್ಟನ್ ಡೈರೆಕ್ಟರ್ ಅಂತ ಒಬ್ರು ಲೈನಲ್ಲಿದಾರೆ. ಫೋನ್ ಕಳೆದೋಗಿದೆಯಂತೆ, ವಿಮಾನ ಹತ್ತಬೇಕಂತೆ, ಪಾಸ್‌ವರ್ಡೂ ಬೇಕು, ಹೊಸ ಫೋನೂ ಸೇರಿಸಿ ಅಂತಿದಾರೆ. ಸಿಟ್ಟಾಗಿದಾರೆ ಮೇಡಂ.”

“ಅವರ ಮ್ಯಾನೇಜರಿಗೆ ನಾವೇ ಫೋನ್ ಮಾಡ್ತೀವಿ, ನಮ್ಮ ದಾಖಲೆಯಲ್ಲಿರೋ ನಂಬರಿಗೆ. ಅಲ್ಲಿವರೆಗೆ ಏನೂ ಕೊಡಬೇಡ.”

“ಕಂಪ್ಲೇಂಟ್ ಮಾಡ್ತೀನಿ ಅಂದ್ರೆ?”

“ಮಾಡಲಿ, ನನ್ನ ಹೆಸರು ಹೇಳು. ನಿಂಗೇನೂ ಆಗಲ್ಲಪ್ಪ.”

ಆತ ವಾಪಸ್ ಲೈನಿಗೆ ಹೋಗುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ನಿಜವಾದ ಡೈರೆಕ್ಟರ್ ತಮ್ಮ ಮೇಜಿನಲ್ಲೇ ಇದ್ದರು, ಫೋನೂ ಅವರ ಜೇಬಿನಲ್ಲೇ ಇತ್ತು. ಹೆಲ್ಪ್‌ಡೆಸ್ಕಿನವರನ್ನು ‘ಎಷ್ಟು ನಿಮಿಷದಲ್ಲಿ ಕರೆ ಮುಗಿಸಿದೆ’ ಎಂದು ಅಳೆಯುವ ಕಂಪನಿಗಳು ಈ ಹುಡುಗನಿಗೆ ಶಿಕ್ಷೆ ಕೊಡುತ್ತವೆ. ನಾವು ಪಾಸ್‌ವರ್ಡ್ ಕರೆಗಳಿಗೆ ಆ ಗಡಿಯಾರವನ್ನು ತೆಗೆದುಹಾಕಿದ್ದೇವೆ. ನನ್ನ ಲೆಕ್ಕದಲ್ಲಿ ಇದೂ ಪಾಸ್‌ವರ್ಡ್ ಪಾಲಿಸಿಯೇ. ಕರ್ನಾಟಕದಲ್ಲಿ ಕೂತು ಅಮೆರಿಕದ ಕಂಪನಿಗಳ ಬಾಗಿಲು ಕಾಯುವ ಸಾವಿರಾರು ಹುಡುಗ ಹುಡುಗಿಯರಿಗೆ ‘ಇಲ್ಲ’ ಎನ್ನುವ ಹಕ್ಕನ್ನು ಲಿಖಿತವಾಗಿ ಕೊಡಬೇಕು. ಗಟ್ಟಿ ದನಿಯಲ್ಲಿ ಇಂಗ್ಲಿಷ್ ಮಾತಾಡುವವರಿಗೆ ‘ಇಲ್ಲ’ ಎನ್ನುವುದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ನಿಮ್ಮ ಕಚೇರಿಯಲ್ಲಿ ಇನ್ನೂ ತಿಂಗಳಿಗೋ ಮೂರು ತಿಂಗಳಿಗೋ ಪಾಸ್‌ವರ್ಡ್ ಬದಲಾಯಿಸಿ ಎನ್ನುತ್ತಿದ್ದರೆ ಅಡ್ಮಿನ್‌ಗಳನ್ನು ಬೈಯುವ ಮುನ್ನ ಒಂದು ವಿಷಯ ತಿಳಿದಿರಲಿ. ಹಲವು ಕಡೆ ಗ್ರಾಹಕರ ಒಪ್ಪಂದವೋ ವಿಮೆಯ ಅರ್ಜಿಯೋ ಹಳೆಯ ನಿಯಮವನ್ನೇ ಕೇಳುತ್ತಿರುತ್ತದೆ. ಕಾರ್ಡ್ ಪಾವತಿಯ ಜಾಗತಿಕ ಮಾನಕದಲ್ಲಿ ಈಗಲೂ, ಪಾಸ್‌ವರ್ಡ್ ಒಂದೇ ರಕ್ಷಣೆಯಾಗಿದ್ದರೆ ತೊಂಬತ್ತು ದಿನದ ಮಾತು ಇದೆ. ಎರಡನೇ ಪರೀಕ್ಷೆ ತಂದರೆ ಆ ಬಂಧನ ಸಡಿಲವಾಗುತ್ತದೆ. ಆದ್ದರಿಂದ ಅದನ್ನು ತರಿಸಿ ಎಂದು ಕೇಳುವುದೇ ನೌಕರರಿಗೆ ಲಾಭ.

ಹ್ಯೂಸ್ಟನ್ ಶೆಡ್ಡಿನ ಮೆಕ್ಯಾನಿಕ್‌ಗಳಿಗೆ ನಾವು ಈಗ ಪಾಸ್‌ವರ್ಡನ್ನೇ ಬಿಡಿಸಿದ್ದೇವೆ. ಕೊರಳ ದಾರದಲ್ಲಿ ಒಂದು ಸಣ್ಣ ಸೆಕ್ಯುರಿಟಿ ಕೀ, ಅದನ್ನು ಯುಎಸ್‌ಬಿಗೆ ಸಿಕ್ಕಿಸಿ ಪಿನ್ ಒತ್ತಿದರೆ ಸಾಕು. ಕದ್ದ ಪಾಸ್‌ವರ್ಡಿಗೆ ಅಲ್ಲಿ ಕೆಲಸವಿಲ್ಲ, ಹೊಡೆಯಲು ಪಾಸ್‌ವರ್ಡೇ ಇಲ್ಲ. ಆದರೆ ಪಂಪುಗಳ ಒತ್ತಡ ಪರೀಕ್ಷೆ ಮಾಡುವ ಹಳೆಯ ಯಂತ್ರವೊಂದು ಉಳಿದಿದೆ. ಅದರ ಸಾಫ್ಟ್‌ವೇರು ಎಂಟು ಅಕ್ಷರಕ್ಕಿಂತ ಉದ್ದದ ಪಾಸ್‌ವರ್ಡನ್ನು ತೆಗೆದುಕೊಳ್ಳುವುದೇ ಇಲ್ಲ, ಅದನ್ನು ಮಾಡಿದ ಕಂಪನಿ ಈಗ ಇಲ್ಲ. ಅದನ್ನು ಉಳಿದ ನೆಟ್‌ವರ್ಕಿನಿಂದ ಪ್ರತ್ಯೇಕಿಸಿ, ಅದರ ಫಲಿತಾಂಶಗಳನ್ನು ಒಂದೇ ದಿಕ್ಕಿನಲ್ಲಿ ಹೊರಗೆ ಕಳಿಸುವ ಒಂದು ಕಂಪ್ಯೂಟರಿಗೆ ಮಾತ್ರ ಜೋಡಿಸಿದ್ದೇವೆ. ಅದರ ಖಾತೆಯ ಪಕ್ಕದಲ್ಲಿ ಒಡೆಯರ ಹೆಸರು, ಕಾರಣ, ಮತ್ತೆ ಪರಿಶೀಲಿಸಬೇಕಾದ ತಾರೀಕು ಬರೆದಿದೆ. ಹೊಸ ಯಂತ್ರಕ್ಕೆ ಬೇಕಾದ ಹಣವನ್ನು ಮುಂದಿನ ವರ್ಷದ ಬಜೆಟ್ಟಿನಲ್ಲಿ ಕೇಳಿದ್ದೇನೆ. ಸಿಗದಿದ್ದರೆ ಅದರ ಮುಂದಿನ ವರ್ಷವೂ ಕೇಳುತ್ತೇನೆ.